ಭಾವನ ಲ್ಯಾಪ್‌ಟಾಪೂ ನೂರಕ್ಕೆ ತೊಂಬತ್ತೊಂಬತ್ತೂ

ಶಿರಸಿ ಸೀಮೆಯಲ್ಲಿ ಮಳೆಗಾಲದ ಸಂಜೆ ಜಗಲಿಗೆ ಕೂತವರು ಕೊಳೆರೋಗ ಮತ್ತು ಅಡಿಕೆ ಧಾರಣೆಯನ್ನು ಬಿಟ್ಟು ಬೇರೆ ಮಾತಾಡುವುದು ಅಪರೂಪ. ಆದರೆ ನಮ್ಮ ಭಾವನಿಗೆ ಯಕ್ಷಗಾನದ ಆಟದ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವ ಹುಚ್ಚು ಹತ್ತಿದಂದಿನಿಂದ ಅವನ ಜಗಲಿಯಲ್ಲಿ ಲ್ಯಾಪ್‌ಟಾಪಿನ ಪವರ್ ಸೆಟ್ಟಿಂಗೂ ಚರ್ಚೆಯ ವಿಷಯವಾಗಿದೆ. (ಮಾತೆಲ್ಲ ನಡೆದದ್ದು ಹವಿಗನ್ನಡದಲ್ಲಿ, ಓದುವವರ ಅನುಕೂಲಕ್ಕಾಗಿ ಇಲ್ಲಿ ಪುಸ್ತಕದ ಕನ್ನಡಕ್ಕೆ ತಂದಿದ್ದೇನೆ.)

“ಬೆಸ್ಟ್ ಪರ್ಫಾರ್ಮೆನ್ಸ್ ಎಂದು ಬರೆದದ್ದನ್ನೇ ನೋಡಿ ಒತ್ತಿದ್ದೇನೆ ಮಾರಾಯ. ಆದರೂ ಒಂದು ಪ್ರಸಂಗ ಎಕ್ಸ್‌ಪೋರ್ಟ್ ಆಗಿ ಪೂರ್ತಿ ವಿಡಿಯೋ ಹೊರಬರುವಷ್ಟರಲ್ಲಿ ಮೇಳದ ಮುಂದಿನ ತಿರುಗಾಟವೇ ಶುರುವಾದೀತು” ಎಂದು ಭಾವ ಕವಳದ ತಟ್ಟೆಯನ್ನು ನನ್ನತ್ತ ತಳ್ಳಿದ.

ಪಕ್ಕದ ಮನೆಯ ಮಾಣಿ ಬೆಂಗಳೂರಿನ ಕಂಪನಿಯ ಕೆಲಸವನ್ನು ತನ್ನ ಮನೆಯ ಅಟ್ಟದ ಮೇಲೆ ಕೂತು ಮಾಡುವವನು. ಅವನು ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್ ಎಂಬಲ್ಲಿಗೆ ಹೋಗಿ, ಅದರೊಳಗಿನ ಪವರ್ ಅಂಡ್ ಬ್ಯಾಟರಿಯನ್ನು ಒತ್ತಿ ನೋಡಿದವನೇ ನಕ್ಕುಬಿಟ್ಟ. “ಮಾವ, ಈಗ ಇದು ಬೆಸ್ಟ್ ಪವರ್ ಎಫಿಶಿಯೆನ್ಸಿಯಲ್ಲಿದೆ. ನೀವು ಒತ್ತಿದ್ದು ಚಾರ್ಜರ್ ಇದ್ದಾಗಿನ ಆಯ್ಕೆ. ಬ್ಯಾಟರಿಯಲ್ಲಿ ನಡೆಯುವಾಗ ವಿಂಡೋಸ್ ಬೇರೆಯದೇ ಆಯ್ಕೆಯನ್ನು ಪಾಲಿಸುತ್ತದೆ.”

“ಚಾರ್ಜರ್ ಚುಚ್ಚಿದ್ದೇನಲ್ಲ!”

“ಚುಚ್ಚಿದ್ದೀರಿ, ಆದರೆ ಕರೆಂಟು ಹೋಗಿ ಅರ್ಧ ಗಂಟೆಯಾಯಿತು. ನಿಮ್ಮ ಇನ್ವರ್ಟರಿನ ಲೈನು ದೀಪಕ್ಕೂ ಫ್ಯಾನಿಗೂ ಇದೆಯೇ ಹೊರತು ಈ ಪ್ಲಗ್ ಪಾಯಿಂಟಿಗೆ ಇಲ್ಲ.”

ಭಾವ ತಲೆಯ ಮೇಲೆ ಉರಿಯುತ್ತಿದ್ದ ಬಲ್ಬನ್ನು ನಂಬಿಕೆದ್ರೋಹಿಯನ್ನು ನೋಡುವಂತೆ ನೋಡಿದ. ಹಾಗಾದರೆ ಬ್ಯಾಟರಿಗೂ ಬೆಸ್ಟ್ ಪರ್ಫಾರ್ಮೆನ್ಸನ್ನೇ ಕೊಟ್ಟುಬಿಡು, ನಮ್ಮ ಮನೆಯಲ್ಲಿ ಪಂಕ್ತಿಭೇದ ಬೇಡ ಎಂದು ಅಪ್ಪಣೆಯಾಯಿತು.

ಮಾಸ್ತರು ಇಷ್ಟು ಹೊತ್ತು ಅಡಕತ್ತರಿಯಲ್ಲಿ ಮಗ್ನರಾಗಿದ್ದರು. ನಿವೃತ್ತರಾದರೂ ವಿಜ್ಞಾನದ ಪಾಠ ಅವರ ನಾಲಿಗೆಯಿಂದ ಇನ್ನೂ ನಿವೃತ್ತಿಯಾಗಿಲ್ಲ. “ತಡೆ, ತಡೆ. ಪ್ರೊಸೆಸರಿನ ವೇಗ ಹೆಚ್ಚಬೇಕಾದರೆ ಅದಕ್ಕೆ ಕೊಡುವ ವೋಲ್ಟೇಜೂ ಸಾಮಾನ್ಯವಾಗಿ ಏರಬೇಕು. ಖರ್ಚಾಗುವ ವಿದ್ಯುತ್ತು ವೇಗಕ್ಕೆ ಅನುಪಾತದಲ್ಲಿದ್ದರೆ, ವೋಲ್ಟೇಜಿಗೆ ಅದರ ವರ್ಗದ ಅನುಪಾತದಲ್ಲಿರುತ್ತದೆ. ಎರಡನ್ನೂ ಶೇಕಡಾ 20ರಷ್ಟು ಏರಿಸಿ ನೋಡು. ಖರ್ಚು ಶೇಕಡಾ 73ರಷ್ಟು ಏರುತ್ತದೆ. ಅಂದರೆ ಕಡೆಯ ಸ್ವಲ್ಪ ವೇಗಕ್ಕೇ ಎಲ್ಲಕ್ಕಿಂತ ಹೆಚ್ಚು ದಂಡ ತೆರಬೇಕು. ಬ್ಯಾಟರಿಯಲ್ಲಿ ಆ ದಂಡ ಕಟ್ಟುವವರು ಯಾರು?”

ಲೆಕ್ಕ ಸರಿಯಾಗಿಯೇ ಇತ್ತು. ನಾನು ಮೊಬೈಲಿನಲ್ಲಿ ಗುಣಿಸಿ ನೋಡಿದೆ. ಬ್ಯಾಟರಿಯಲ್ಲಿ ಬ್ಯಾಲೆನ್ಸ್ಡ್, ಚಾರ್ಜರಿನಲ್ಲಿ ಬೆಸ್ಟ್ ಪರ್ಫಾರ್ಮೆನ್ಸ್ ಎಂಬ ರಾಜಿಗೆ ಭಾವ ಒಲ್ಲದ ಮನಸ್ಸಿನಿಂದ ಒಪ್ಪಿದ. ಅಷ್ಟರಲ್ಲಿ ಕರೆಂಟು ಬಂತು, ಎಕ್ಸ್‌ಪೋರ್ಟ್ ಶುರುವಾಯಿತು. ಆದರೆ ಲ್ಯಾಪ್‌ಟಾಪು ತನ್ನ ಹಳೆಯ ನಡಿಗೆಯನ್ನು ಬಿಡಲಿಲ್ಲ.

ಮಾಣಿಯ ಮುಖ ಈಗ ಗಂಭೀರವಾಯಿತು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಪ್ರೊಸೆಸರಿನ ವೇಗ 1.6 ಗಿಗಾಹರ್ಟ್ಸ್‌ನ ಆಸುಪಾಸಿನಿಂದ ಮೇಲೇಳುತ್ತಲೇ ಇಲ್ಲ. ಭಾವನದು ಇಂಟೆಲ್‌ನ ಐ5-8250ಯು. 2017ರಲ್ಲಿ ಬಂದ ಈ ಚಿಪ್ಪಿನ ಮೂಲ ವೇಗ 1.6 ಗಿಗಾಹರ್ಟ್ಸ್ ಆದರೂ ಟರ್ಬೋ ಬೂಸ್ಟಿನಲ್ಲಿ 3.4ರವರೆಗೆ ಏರಬಲ್ಲದು. ಅವನು ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಶನ್ಸ್ ಹೊಕ್ಕು, ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ಎಂಬ ಪಟ್ಟಿಯಲ್ಲಿ ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟನ್ನು ಬಿಡಿಸಿ, ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಎಂಬ ಸಾಲಿನ ಮೇಲೆ ಬೆರಳಿಟ್ಟ. ಅಲ್ಲಿ ಶೇಕಡಾ 99 ಎಂದಿತ್ತು. ಬಿಸಿ ಕಡಿಮೆಯಾಗಲೆಂದು ಹಿಂದೆ ಯಾವಾಗಲೋ ಯಾರೋ ಪುಣ್ಯಾತ್ಮರು ಇಟ್ಟು ಹೋದದ್ದಿರಬೇಕು.

“ನೂರಕ್ಕೆ ತೊಂಬತ್ತೊಂಬತ್ತು! ನನ್ನ ಶಾಲೆಯಲ್ಲಿ ಅಷ್ಟು ಅಂಕ ಬಂದವನಿಗೆ ಮೆರವಣಿಗೆ ಮಾಡಿಸುತ್ತಿದ್ದೆ” ಎಂದರು ಮಾಸ್ತರು.

“ಇಲ್ಲಿ ತೊಂಬತ್ತೊಂಬತ್ತು ಬಂದವನು ಫೇಲು. ಇಂಥ ಚಿಪ್ಪುಗಳಲ್ಲಿ ನೂರಕ್ಕಿಂತ ಒಂದು ಕಡಿಮೆ ಎಂದರೂ ಟರ್ಬೋ ಪೂರ್ತಿ ಬಂದ್ ಆಗುತ್ತದೆ” ಎಂದ ಮಾಣಿ 100 ಎಂದು ಒತ್ತಿದ. ಸಂಖ್ಯೆ 3ರ ಗಡಿ ದಾಟಿತು. ಭಾವ ಎದ್ದು ನಿಂತ. ಅರ್ಧ ನಿಮಿಷದೊಳಗೆ ಅದು 2.4ಕ್ಕೆ ಇಳಿಯಿತು. ಭಾವ ಕೂತ.

“ಇದೇನು ಹೀಗೆ ಮಾಡಿತು?”

ಮಾಸ್ತರು ಉತ್ಸಾಹದಿಂದ ಮುಂದೆ ಸರಿದರು. “ಆಟದಲ್ಲಿ ಧೀಂಗಿಣ ಇದೆಯಲ್ಲ, ಟರ್ಬೋ ಎಂದರೆ ಅದೇ. ವೇಷಧಾರಿ ಪ್ರವೇಶದ ಹೊತ್ತಿಗೆ ಗಿರಗಿರ ಸುತ್ತುತ್ತಾನೆ, ಜನ ಸಿಳ್ಳೆ ಹೊಡೆಯುತ್ತಾರೆ. ಹಾಗೆಂದು ಬೆಳಗಿನ ತನಕ ಅದನ್ನೇ ಸುತ್ತು ಎಂದರೆ ಆದೀತೇ?” ಇದರಿಂದ ಚರ್ಚೆ ಹೆಚ್ಚು ಧೀಂಗಿಣ ಹಾಕುವವರು ಬಡಗಿನವರೋ ತೆಂಕಿನವರೋ ಎಂಬ ಕಡೆಗೆ ಜಾರುವುದರಲ್ಲಿತ್ತು. ಮಾಣಿ ಅದನ್ನು ಹಿಡಿದು ನಿಲ್ಲಿಸಿದ. ಈ ಚಿಪ್ಪು ದೀರ್ಘಕಾಲ ತಾಳುವಂತೆ ರೂಪಿಸಿರುವುದು 15 ವಾಟ್‌ಗಳ ಲೆಕ್ಕದಲ್ಲಿ. ಸ್ವಲ್ಪ ಹೊತ್ತು ಅದನ್ನು ಮೀರಿ ಓಡಬಹುದು. ಆಮೇಲೆ ಮಿತಿಗೆ ಮರಳಲೇಬೇಕು. ಅದರ ಮೇಲೆ, ಒಳಗಿನ ತಾಪ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ ಯಾವ ಸೆಟ್ಟಿಂಗಿನ ಮಾತನ್ನೂ ಕೇಳದೆ ತಾನಾಗಿಯೇ ನಿಧಾನವಾಗುತ್ತದೆ.

ತಾಪ ಎಂಬ ಮಾತು ಬಂದದ್ದೇ ಎಲ್ಲರ ದೃಷ್ಟಿ ಒಮ್ಮೆಲೇ ಲ್ಯಾಪ್‌ಟಾಪಿನ ಕೆಳಗೆ ಹೋಯಿತು. ಭಾವ ಅದನ್ನು ಮಡಿಸಿದ ಕಂಬಳಿಯ ಮೇಲೆ ಇಟ್ಟಿದ್ದ.

“ಮಳೆಗಾಲದ ಥಂಡಿ ಅದಕ್ಕೂ ತಾಗಬಾರದಲ್ಲ” ಎಂದ.

ಗಾಳಿ ಎಳೆದುಕೊಳ್ಳುವ ಕಿಂಡಿಗಳೆಲ್ಲ ತಳದಲ್ಲಿಯೇ ಇದ್ದವು. ಕಂಬಳಿ ತೆಗೆದು, ಹಿಂಬದಿಗೆ ಎರಡು ಒಣ ಅಡಿಕೆ ಇಟ್ಟು ಸ್ವಲ್ಪ ಎತ್ತರಿಸಿದ ಮೇಲೆ ವೇಗ 2.8ರಲ್ಲಿ ನಿಂತಿತು. ನನ್ನನ್ನು ಕೇಳಿದರೆ ಅಂದು ಸಂಜೆ ಮಾಡಿದ ಸೆಟ್ಟಿಂಗುಗಳಲ್ಲಿ ಇದೇ ಉತ್ತಮವಾದದ್ದು, ಮತ್ತು ಇದು ಯಾವ ಮೆನುವಿನಲ್ಲಿಯೂ ಸಿಗುವುದಿಲ್ಲ. ಭಾವ ಮಾತ್ರ ಇನ್ನೂ ದೊಡ್ಡದೇನೋ ಬೇಕೆಂದು ವಿಂಡೋಸಿನ ಅಲ್ಟಿಮೇಟ್ ಪರ್ಫಾರ್ಮೆನ್ಸ್ ಎಂಬ ಪವರ್ ಪ್ಲಾನಿನ ಹೆಸರೆತ್ತಿದ. ಅದು 2018ರಲ್ಲಿ ದೊಡ್ಡ ವರ್ಕ್‌ಸ್ಟೇಶನ್‌ಗಳಿಗೆಂದು ಬಂದದ್ದು. ಹೆಸರು ಕಿರೀಟದಷ್ಟು ದೊಡ್ಡದಾದರೂ ಇಂಥ ಲ್ಯಾಪ್‌ಟಾಪಿಗೆ ಅದರಿಂದ ಬಿಸಿಯ ಹೊರತು ಹೆಚ್ಚಿನ ಲಾಭವಿಲ್ಲವೆಂದು ಮಾಣಿ ಕೈಬಿಡಿಸಿದ.

“ಅದೆಲ್ಲ ಸರಿ, ನಿನ್ನೆ ರಾತ್ರಿ ಎಕ್ಸ್‌ಪೋರ್ಟಿಗೆ ಇಟ್ಟು ಮಲಗಿದರೆ ಬೆಳಿಗ್ಗೆಯೂ ಅದು ಶೇಕಡಾ 12ರಲ್ಲೇ ಇತ್ತಲ್ಲ, ಅದಕ್ಕೇನು ಕಾರಣ?” ಎಂದ ಭಾವ.

ಕಷಾಯ ತಂದ ಅತ್ತಿಗೆ ಉತ್ತರಿಸಿದರು. “ನಾನೇ ಮುಚ್ಚಳ ಹಾಕಿದೆ. ಆ ಬೆಳಕಿಗೆ ಊರಿನ ಹಾತೆಗಳೆಲ್ಲ ಜಗಲಿಗೆ ಬಂದರೆ ಬೆಳಿಗ್ಗೆ ಗುಡಿಸುವವರು ಯಾರು?”

ಮುಚ್ಚಳ ಹಾಕಿದರೆ ಲ್ಯಾಪ್‌ಟಾಪು ಸ್ಲೀಪಿಗೆ ಹೋಗುತ್ತದೆ, ಎಕ್ಸ್‌ಪೋರ್ಟ್ ಅಲ್ಲಿಯೇ ನಿಲ್ಲುತ್ತದೆ. ಮುಚ್ಚಿದರೂ ನಡೆಯುವಂತೆ ಮಾಡಬಹುದು, ಆದರೆ ಮುಚ್ಚಿಕೊಂಡು ದುಡಿದರೆ ಮತ್ತೆ ಬಿಸಿಯ ತಂಟೆ. ಪರದೆ ಆರುವುದು ಮತ್ತು ಯಂತ್ರ ನಿದ್ರಿಸುವುದು ಎರಡಕ್ಕೂ ಬೇರೆ ಬೇರೆ ಗಡುವು ಇರುವುದನ್ನು ತೋರಿಸಿ, ಚಾರ್ಜರ್ ಇದ್ದಾಗ ಸ್ಲೀಪಿಗೆ ನೆವರ್ ಎಂದೂ, ಸ್ಕ್ರೀನಿಗೆ ಐದು ನಿಮಿಷವೆಂದೂ ಮಾಣಿ ಆರಿಸಿದ.

“ಐದು ಯಾಕೆ, ಒಂದೇ ಇಡು” ಎಂದರು ಅತ್ತಿಗೆ. ಮಾಣಿ ಭಾವನ ಮುಖವನ್ನು ನೋಡದೆ ಒಂದನ್ನೇ ಒತ್ತಿದ.