ಪದ ಬೇಕು (ತುರ್ತು): ಹಳದಿ ಕಾಗದದ ಮೇಲೆ ಏನು ಬರೆಸಲಿ?

ಎಲ್ಲರಿಗೂ ನಮಸ್ಕಾರ. ಶುಕ್ರವಾರ ಸಂಜೆಯೊಳಗೆ ಒಂದು ಪದ ಬೇಕು.

ನಮ್ಮ ಹವ್ಯಾಸಿ ತಂಡ ವಿಕ್ಟರ್ ಹ್ಯೂಗೋನ 'ಲೆ ಮಿಸರಾಬ್ಲ್' (1862) ಕಾದಂಬರಿಯ ಮೊದಲ ಭಾಗವನ್ನು ರಂಗಕ್ಕೆ ತರುತ್ತಿದೆ. ರೂಪಾಂತರ ನನ್ನದು. ಜ್ಯಾಂ ವಾಲ್ಜ್ಯಾಂ 1815ರಲ್ಲಿ ತೂಲೋನ್ ಬಂದರಿನ ಜೈಲಿನಿಂದ ಹೊರಬರುವಾಗ ಅವನ ಕೈಗೊಂದು ಹಳದಿ ಪಾಸ್‌ಪೋರ್ಟ್ ಕೊಡುತ್ತಾರೆ. ವಿಮಾನ ಹತ್ತುವ ಪಾಸ್‌ಪೋರ್ಟ್ ಅಲ್ಲ, ಊರಿಂದೂರಿಗೆ ಹೋಗುವಾಗ ತೋರಿಸಬೇಕಾದ ಕಾಗದ. ಅದನ್ನು ಬಿಷಪ್ ಮಿರಿಯೆಲ್ ಎದುರು ಅವನೇ ಓದಿ ಹೇಳುತ್ತಾನೆ: ಹೆಸರು, ಹತ್ತೊಂಬತ್ತು ವರ್ಷ ಜೈಲು, ಐದು ವರ್ಷ ಕನ್ನಗಳವಿಗೆ, ಹದಿನಾಲ್ಕು ವರ್ಷ ನಾಲ್ಕು ಸಲ ತಪ್ಪಿಸಿಕೊಳ್ಳಲು ನೋಡಿದ್ದಕ್ಕೆ, ಬಹಳ ಅಪಾಯಕಾರಿ ಮನುಷ್ಯ. ಹೆಸರಿನ ಪಕ್ಕದಲ್ಲೇ ಫ್ರೆಂಚಿನಲ್ಲಿ 'ಫೋರ್ಸಾ ಲಿಬೆರೆ' ಎಂದಿದೆ. ಈ ಎರಡು ಪದಕ್ಕೆ ಕನ್ನಡ ಏನು? 'ಮಾಜಿ ಕೈದಿ' ಎಂದು ಬರೆದುಕೊಂಡಿದ್ದೆ. ತಾಲೀಮಿನಲ್ಲಿ ಎಲ್ಲರೂ ನಕ್ಕರು.

ಕಾಗದವನ್ನು ಮೂರಡಿ ಅಗಲ ಮಾಡಿಸಿದ್ದೇವೆ, ಹಿಂದಿನ ಸಾಲಿಗೂ ಕಾಣಬೇಕಲ್ಲ. ಬೋರ್ಡ್ ಬರೆಯುವವರು ಆಗಲೇ ಎರಡು ಸಲ ಫೋನ್ ಮಾಡಿದರು.

ಇನ್ನೊಂದು ತೊಡಕು. ಹೊರಬಂದ ಮರುದಿನ ಗ್ರಾಸ್ ಊರಿನಲ್ಲಿ ಕಿತ್ತಳೆ ಹೂವಿನ ಅತ್ತರು ಬಟ್ಟಿ ಇಳಿಸುವ ಕಡೆ ಅವನು ಮೂಟೆ ಇಳಿಸುತ್ತಾನೆ. ಪೊಲೀಸಿನವನೊಬ್ಬ ಬಂದು ಕಾಗದ ಕೇಳುತ್ತಾನೆ, ಹಳದಿ ಕಾಗದ ಹೊರಗೆ ಬರುತ್ತದೆ. ಉಳಿದ ಆಳುಗಳಿಗೆ ದಿನಕ್ಕೆ ಮೂವತ್ತು ಸೂ (ಫ್ರಾನ್ಸಿನ ಚಿಲ್ಲರೆ ನಾಣ್ಯ). ಸಂಜೆ ಇವನ ಕೈಗೆ ಹದಿನೈದು. ಯಾಕೆ ಅಂದರೆ 'ನಿನಗೆ ಇಷ್ಟು ಸಾಕು'. ಅಲ್ಲಿ ಹ್ಯೂಗೋ 'ಲಿಬೆರಾಸ್ಯೋಂ' ಬೇರೆ, 'ದೆಲಿವ್ರಾಂಸ್' ಬೇರೆ ಅನ್ನುತ್ತಾನೆ. 'ಬಿಡುಗಡೆಯೆಂದರೆ ವಿಮೋಚನೆಯಲ್ಲ' ಎಂದು ಮಾಡಿದ್ದೇನೆ. ನಟನ ಬಾಯಲ್ಲಿ ಅದು ಉಪನ್ಯಾಸದ ಹಾಗೆ ಕೇಳುತ್ತಿದೆ.

— ವಿ. ಕೆ., ಶಿವಮೊಗ್ಗ

*

ನಗದೆ ಏನು ಮಾಡಿಯಾರು! ಮಾಜಿ ಸಚಿವ, ಮಾಜಿ ಶಾಸಕ, ಮಾಜಿ ಕೈದಿ. ಪಿಂಚಣಿ ಬರುವ ಹುದ್ದೆಯ ಹಾಗಿದೆ. 'ಸೆರೆಯಾಳು' ಎಂಬ ಚೊಕ್ಕ ಕನ್ನಡವಿರುವಾಗ ಅರಬ್ಬಿಯ ಮಾಜಿಗೆ ಅರಬ್ಬಿಯ ಕೈದಿಯನ್ನು ಯಾಕೆ ಕಟ್ಟಬೇಕು? 'ಸೆರೆಬಿಟ್ಟಾಳು' ಎಂದು ಬರೆಸಿ. ಪಾಸ್‌ಪೋರ್ಟ್‌ಗೆ 'ದಾರಿಚೀಟಿ'. ಸೆರೆ ನಮ್ಮದೇ ಪದ, ಹಳಗನ್ನಡದಲ್ಲಿ ಸೆಱೆ, ತಮಿಳಿನಲ್ಲಿ ಚಿಱೈ. ಱಕಾರ ಹೋಯಿತು, ಪದ ಉಳಿಯಿತು.

— ನಾ. ಭ., ಸಾಗರ

*

ಅಕ್ಕಾರ, 'ಸೆರೆ ಬಿಟ್ಟಾಂವ' ಅಂತ ಬರೆಸಿದ್ರ ನಮ್ಮ ಕಡೆ ಮಂದಿ ಎದ್ದು ಚಪ್ಪಾಳಿ ಹೊಡಿತಾರ, ಕುಡಿಯೋದು ಬಿಟ್ಟನಂತ. ಹೆಂಡಕ್ಕ ನಾವು ಸೆರೆ, ಶೆರೆ ಅಂತೀವಿ. ಱಕಾರ ಹೋಗಿದ್ದರ ಲಾಭ ಇದು. ಸಾಗರದ ಸರ್ ಒಮ್ಮೆ ಈ ಕಡೆ ಬಂದು ನಾಟಕ ನೋಡ್ಲಿ.

— ಬ. ಪಾ., ಧಾರವಾಡ

*

'ಕೈದಿ' ಅರಬ್ಬಿ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೀರಿ. ಕೈ ಕಟ್ಟಿಸಿಕೊಂಡವನು ಕೈದಿ ಎಂದು ಯಾಕಾಗಬಾರದು? ಕೈಕೋಳ ಎನ್ನುತ್ತೇವೆ, ಕೈಸೆರೆ ಎನ್ನುತ್ತೇವೆ. ಹಳಗನ್ನಡದಲ್ಲಿ 'ಕೈದು' ಎಂಬ ಪದ ಧಾರಾಳವಾಗಿ ಸಿಗುತ್ತದೆ. ಈ ಬಗ್ಗೆ ನಾನು ಹಿಂದೆಯೂ ಇಲ್ಲಿ ಬರೆದಿದ್ದೆ, ಯಾರೂ ಗಮನಿಸಲಿಲ್ಲ.

— ರಾ. ಶೆ., ಉಡುಪಿ

*

ಹಳಗನ್ನಡದ ಕೈದು ಎಂದರೆ ಆಯುಧ. ಹಿಡಿದವನು ವೀರ, ಕೈದಿ ಅಲ್ಲ. ಕೈದಿ ಅರಬ್ಬಿಯ ಕೈದ್‌ನಿಂದ ಬಂದದ್ದು. ಮುಗಿಯಿತು.

— ಎಂ. ಎಸ್., ಮೈಸೂರು

*

ಎಲ್ಲರೂ ಬೇರಿನಲ್ಲೇ ಕೂತಿರಿ. ಕೇಳಿದವರಿಗೆ ಬೇಕಾದ್ದು ಶುಕ್ರವಾರದ ಪದ.

ಊರಲ್ಲಿ ನಾವು ಹೇಳುವುದು 'ಜೈಲಿಗೆ ಹೋಗಿ ಬಂದವನು'. ನಾಟಕದಲ್ಲಿ ಹೋಟೆಲಿನವನು, ಹೆಂಗಸರು, ಮಕ್ಕಳೆಲ್ಲ ಅವನನ್ನು ಕರೆಯುವುದು ಹಾಗೆಯೇ ಇರಲಿ. ಆದರೆ ಒಂದು ಮಾತು. ನನ್ನ ಅಜ್ಜನೂ ಜೈಲಿಗೆ ಹೋಗಿ ಬಂದವರೇ, 1942ರಲ್ಲಿ, ಹಿಂಡಲಗಾಕ್ಕೆ. ಮದುವೆ ಮನೆಗಳಲ್ಲಿ ಆ ಮಾತು ಹೇಳಿಯೇ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು. ಅದೇ ಓಣಿಯಲ್ಲಿ ಹೊಲದ ಬದುವಿನ ಜಗಳದಲ್ಲಿ ಸಜಾ ಅನುಭವಿಸಿ ಬಂದವರೊಬ್ಬರು ಇದ್ದರು. ಅವರಿಗೂ ಇದೇ ಮಾತು, ದನಿ ಮಾತ್ರ ತಗ್ಗುತ್ತಿತ್ತು. ಅವರು ಅಂಗಡಿಗೆ ಬಂದರೆ ಚಿಲ್ಲರೆಯನ್ನು ಕೈಗೆ ಕೊಡದೆ ಹಲಗೆಯ ಮೇಲೆ ಇಡುತ್ತಿದ್ದರು. ನಾನು ಚಿಕ್ಕವಳು, ಅಂಗಡಿಯವನಿಗೆ ಕೈನೋವು ಅಂದುಕೊಂಡಿದ್ದೆ. ನಿಮ್ಮ ಹದಿನೈದು ಸೂ ಓದಿದಾಗ ಆ ಹಲಗೆ ನೆನಪಾಯಿತು.

ಹಾಗಾಗಿ ಕಾಗದದ ಮೇಲೆ ಈ ಮಾತು ನಿಲ್ಲುವುದಿಲ್ಲ. ಕಾಗದಕ್ಕೆ ದನಿ ಇಲ್ಲ.

— ಸು. ಹೆ., ಬೆಳಗಾವಿ

*

ಪತ್ರಿಕೆಗಳಲ್ಲಿ 'ಜೈಲುಹಕ್ಕಿ' ಎಂದು ಬರೆಯುತ್ತಾರಲ್ಲ?

— ಪ್ರ., ಬೆಂಗಳೂರು

*

ಬರೆಯುತ್ತಾರೆ. ಹಾರಲಿ ಬಿಡಿ.

— ಎಂ. ಎಸ್., ಮೈಸೂರು

*

ವಿ. ಕೆ. ಮೇಡಂ, ನಾನು ಬಂದೀಖಾನೆ ಇಲಾಖೆಯಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. (ಈಗ 'ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆ' ಎಂದು ಬೋರ್ಡ್ ಇದೆ. ಬಾಯಲ್ಲಿ ಬಂದೀಖಾನೆಯೇ.) ನಾವು ಬರೆಯುತ್ತಿದ್ದದ್ದು ಎರಡೇ ಬಗೆ: ತೀರ್ಪಾಗದವನು ವಿಚಾರಣಾಧೀನ ಬಂದಿ, ಶಿಕ್ಷೆಯಾದವನು ಸಜಾಬಂದಿ. ಹೊರಗೆ ಹೋದವನಿಗೆ ಮೂರನೆಯ ಹೆಸರು ನಮ್ಮಲ್ಲಿ ಇರಲಿಲ್ಲ. ಅವನ ವಿಷಯ ಆಮೇಲೆ ಯಾವ ಪತ್ರದಲ್ಲಿ ಬಂದರೂ 'ಬಿಡುಗಡೆಯಾದ ಸಜಾಬಂದಿ' ಎಂದೇ. 'ಸನ್ನಡತೆಯ ಆಧಾರದ ಮೇಲೆ' ಎಂದು ಮುಂದೆ ಸೇರಿಸಿದರೂ ಕೊನೆಗೆ ನಿಲ್ಲುವುದು ಸಜಾಬಂದಿಯೇ.

ನನಗೆ ಫ್ರೆಂಚ್ ಬಾರದು. ನೀವು ಕೊಟ್ಟ ಎರಡು ಪದದಲ್ಲಿ ನಾಮಪದ ಯಾವುದು, ವಿಶೇಷಣ ಯಾವುದು ಹೇಳಿ.

— ಕೆ. ಟಿ., ತುಮಕೂರು

*

ಕೆ. ಟಿ. ಅವರೇ, ಗೂಟಕ್ಕೆ ಹೊಡೆದಿರಿ. ಫೋರ್ಸಾ ನಾಮಪದ, ಲಿಬೆರೆ ವಿಶೇಷಣ. ಬಿಟ್ಟರೂ ಅವನು ಫೋರ್ಸಾನೇ. 'ಮಾಜಿ' ಹಾಕಿದ ಕೂಡಲೇ ಆ ನಾಮಪದ ರದ್ದಾಗುತ್ತದೆ, ಆಮೇಲೆ ಹೋಟೆಲಿನವನು ಬಾಗಿಲು ಹಾಕಿಕೊಳ್ಳುವುದಕ್ಕೆ ಅರ್ಥವೇ ಇಲ್ಲ. ಮುಂದೆ ಇವನು ಹೆಸರು ಬದಲಿಸಿ, ಕಾರ್ಖಾನೆ ಕಟ್ಟಿ, ಊರಿನ ಮೇಯರ್ ಆಗುತ್ತಾನೆ. ಆಗ ಆರಾಸ್ ಕೋರ್ಟಿನಲ್ಲಿ ಯಾರನ್ನೋ ಇವನೆಂದು ಹಿಡಿದು ನಿಲ್ಲಿಸಿರುತ್ತಾರೆ. ಇವನೇ ಹೋಗಿ 'ನೀವು ಹುಡುಕುತ್ತಿರುವವನು ನಾನು' ಎಂದು ಒಪ್ಪಿಕೊಳ್ಳಬೇಕು. ಮಾಜಿಯಾಗಿದ್ದರೆ ಒಪ್ಪಿಕೊಳ್ಳಲು ಏನಿದೆ?

ಒಂದು ತಕರಾರು. ಫೋರ್ಸಾ ಅಂದರೆ ಕಾಲಿಗೆ ಸರಪಳಿ ಹಾಕಿಸಿಕೊಂಡು ಬಂದರಿನಲ್ಲಿ ದುಡಿಯುವವನು. ಸಾದಾ ಸಜೆಯಲ್ಲ, ಕಠಿಣ ಸಜೆ. ಅದು ಸಜಾಬಂದಿಯಲ್ಲಿ ಬರುವುದಿಲ್ಲ.

— ಎಂ. ಎಸ್., ಮೈಸೂರು

*

ಸರಪಳಿ ರಂಗದ ಮ್ಯಾಲೆ ಕಾಣತೈತಿ. ಕಾಗದಕ್ಕ ಇಷ್ಟ ಸಾಕು.

ಅಕ್ಕಾರ, ನಿಮ್ಮ ಎರಡನೇದಕ್ಕ. ನಮ್ಮ 'ಬಿಡು' ಅನ್ನೋದೊಂದ ಎರಡೂ ಕೆಲಸ ಮಾಡತೈತಿ. ವಿಮೋಚನೆ ತಗದು ಒಗೀರಿ. ನಟ ಕೈಯಾಗಿನ ಹದಿನೈದು ಸೂ ನೋಡ್ಕೋತ ಹೇಳ್ಲಿ: 'ಜೈಲು ಬಿಡ್ತು. ಸಜಾ ಬಿಡ್ಲಿಲ್ಲ.'

— ಬ. ಪಾ., ಧಾರವಾಡ

*

ಒಳ್ಳೆಯ ಸಾಲು, ಒಪ್ಪಿದೆ. ಆದರೆ ಜೈಲು ಇಂಗ್ಲಿಷ್, ಸಜಾ ಪಾರಸಿ. ಐದು ಅಕ್ಷರ ಕನ್ನಡ ಬರೆಯಲು ಎರಡು ಖಂಡ ಸುತ್ತಿದಿರಿ. 'ಸೆರೆಮನೆ ಬಿಟ್ಟಿತು, ಸೆರೆ ಬಿಡಲಿಲ್ಲ' ಎಂದರೆ ಏನು ಕಳೆದುಕೊಳ್ಳುತ್ತೀರಿ?

— ನಾ. ಭ., ಸಾಗರ

*

ಕುಡಿಯೋದು ಬಿಡ್ಲಿಲ್ಲ ಅಂತ ಆಗತೈತಿ. ಎರಡನೇ ಸಲ ಹೇಳಾಕತ್ತೀನಿ.

— ಬ. ಪಾ., ಧಾರವಾಡ

*

ರಂಗಾಯಣದ ಹುಲುಗಪ್ಪ ಕಟ್ಟೀಮನಿ ಅವರು ಜೈಲಿನೊಳಗಿನವರಿಂದಲೇ ನಾಟಕ ಆಡಿಸಿದವರು. ಅಂಥ ನಟರ ಬಾಯಲ್ಲಿ 'ಸೆರೆಯಾಳು' ಬರುತ್ತಿತ್ತೋ 'ಸಜಾ' ಬರುತ್ತಿತ್ತೋ ನಾ. ಭ. ಅವರೇ ಯೋಚಿಸಲಿ. ಅನುಭವಿಸಿದವರು ಇಟ್ಟುಕೊಂಡ ಪದವನ್ನು ಅನುಭವಿಸದವರು ಮಡಿ ಮಾಡಲು ಹೋಗಬಾರದು.

— ಸು. ಹೆ., ಬೆಳಗಾವಿ

*

ಮಡಿ ಮೈಲಿಗೆ ಮಾತು ಬೇಡ, ಇದು ನುಡಿಯ ಪ್ರಶ್ನೆ. ದಾರಿಚೀಟಿಗೆ ಯಾರೂ ಉತ್ತರಿಸಿಲ್ಲ.

— ನಾ. ಭ., ಸಾಗರ

*

ರಹದಾರಿ. ನಮ್ಮ ಹಿರಿಯರೂ ಆಡಿದ ಪದ, ಅಕ್ಕಪಕ್ಕದ ಊರಿಗೆ ಹೋಗುವ ಕಾಗದಕ್ಕೂ ಸಲ್ಲುತ್ತದೆ. ಪಾರಸಿ ಎಂದು ನೀವು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

— ಎಂ. ಎಸ್., ಮೈಸೂರು

*

ಎಲ್ಲರಿಗೂ ಉಪಕಾರ. ಮೇಲೆ ದಪ್ಪಕ್ಷರದಲ್ಲಿ 'ರಹದಾರಿ', ಹೆಸರಿನ ಕೆಳಗೆ 'ಬಿಡುಗಡೆಯಾದ ಸಜಾಬಂದಿ' ಎಂದು ಬರೆಸಿದೆವು. ಬೋರ್ಡಿನವರು 'ಬಿಡುಗಡೆಯಾದ' ಅನ್ನುವುದನ್ನು ದೊಡ್ಡದಾಗಿ, 'ಸಜಾಬಂದಿ'ಯನ್ನು ಜಾಗ ಸಾಲದೆ ಚಿಕ್ಕದಾಗಿ ಬರೆದು ತಂದರು. ತಿರುಗಿ ಬರೆಸಿದ್ದೇವೆ, ಮುನ್ನೂರು ರೂಪಾಯಿ ದಂಡ. ಧಾರವಾಡದ ಅಣ್ಣನವರ ಸಾಲನ್ನು ನಮ್ಮ ಹುಡುಗ ಹೇಳಿದಾಗ ತಾಲೀಮಿನ ಕೋಣೆಯಲ್ಲಿ ಯಾರೂ ನಗಲಿಲ್ಲ.

— ವಿ. ಕೆ., ಶಿವಮೊಗ್ಗ

*

'ಬಿಡುಗಡೆ'ಯ ಬಗ್ಗೆ ಮಾತ್ರ ಯಾರೂ ಯೋಚಿಸಿದಂತಿಲ್ಲ. ಬಿಡು + ಕಡೆ ಎಂದು ಒಡೆದರೆ ನಿಲುಗಡೆಯೂ ಹಾಗೇ ಒಡೆಯುತ್ತದೆ, ಸರಿ. ಮುಳುಗಡೆ? ಅಲ್ಲಿ ಧಾತು ಮುಳುಗು, ಗಕಾರ ಧಾತುವಿನದೇ. ಹಾಗಾದರೆ ಪ್ರತ್ಯಯ 'ಕಡೆ'ಯೋ 'ಅಡೆ'ಯೋ? ಈ ಬಗ್ಗೆಯೂ ನಾನು ಹಿಂದೆ ಬರೆದಿದ್ದೆ.

— ರಾ. ಶೆ., ಉಡುಪಿ