ಬೆಟಗೇರಿ ಮನೆಯವರು: ಪ್ರೋಟಾನ್ ವಿಡಿಯೋ ಮತ್ತು ಗುರುವಾರದ ಆಪರೇಷನ್

ಪುಣೆ ಅಣ್ಣ: (ವಿಡಿಯೋ) ಎಲ್ಲರೂ ಪೂರ್ತಿ ನೋಡಿ. ಕ್ಯಾನ್ಸರ್‌ಗೆ ಪ್ರೋಟಾನ್ ಥೆರಪಿ, ಅಂದರೆ ಪ್ರೋಟಾನ್ ಕಿರಣದ ಚಿಕಿತ್ಸೆ, ತೆಗೆದುಕೊಂಡವರು ತಾವೇ ಮಾತಾಡಿದ್ದಾರೆ. ಚರ್ಮ ಸುಟ್ಟಿಲ್ಲ, ಸುಸ್ತಿಲ್ಲ, ಒಬ್ಬರಂತೂ ಟ್ರೀಟ್‌ಮೆಂಟ್ ನಡೆದಾಗಲೇ ಆಫೀಸಿಗೆ ಹೋಗಿಬರುತ್ತಿದ್ದರಂತೆ. ಚೆನ್ನೈ ಅಪೋಲೋದಲ್ಲಿ 2019ರಿಂದ ಇದೆ. ಟಾಟಾ ಕ್ಯಾನ್ಸರ್ ಆಸ್ಪತ್ರೆಯವರದು ನವಿ ಮುಂಬೈ ಖಾರ್ಘರ್‌ನಲ್ಲಿ 2023ರಿಂದ. ಖಾರ್ಘರ್ ನನಗೆ ಹತ್ತಿರ. ಕಾಕಾ ಅವರ ಬಾಯಿ ಕ್ಯಾನ್ಸರ್‌ಗೆ ಹುಬ್ಬಳ್ಳಿಯಲ್ಲಿ ಗುರುವಾರ ಇಟ್ಟಿರುವ ಆಪರೇಷನ್ ನಿಲ್ಲಿಸಿ, ಅವರನ್ನು ಇಲ್ಲಿಗೆ ಕರೆದುಕೊಂಡು ಬನ್ನಿ.

ಹಾವೇರಿ ಅತ್ಯಾ: ನೋಡಿ ಅಳು ಬಂತಪ್ಪ. ಆ ಸಣ್ಣ ಹುಡುಗ ಟ್ರೀಟ್‌ಮೆಂಟ್ ಮುಗಿಯಿತು ಅಂತ ಗಂಟೆ ಬಾರಿಸುತ್ತಾನಲ್ಲ! ಖರ್ಚಿಗೆ ನನ್ನ ಪಾಟ್ಲಿ ಇವೆ, ಯಾರೂ ಚಿಂತೆ ಮಾಡಬೇಡಿ.

ಬೆಟಗೇರಿ ತಮ್ಮ: ಅಣ್ಣಾ, ಡೇಟ್ ಸಿಕ್ಕಿದ್ದೇ ಕಷ್ಟದಲ್ಲಿ. ಈಗ ನಿಲ್ಲಿಸಿ ಅಂದರೆ ಹೇಗೆ?

ಪುಣೆ ಅಣ್ಣ: ಡೇಟ್ ದೊಡ್ಡದೋ, ಮನುಷ್ಯ ದೊಡ್ಡವನೋ? ಗಲ್ಲ ಕೊಯ್ದರೆ ಮುಖ ಏನಾಗಬೇಡ? ಆಯುಷ್ಮಾನ್ ಕಾರ್ಡಿನಲ್ಲಿ ಆಗುತ್ತದೆ ಅಂತ ಹುಬ್ಬಳ್ಳಿಯಲ್ಲೇ ಮುಗಿಸುತ್ತಿದ್ದೀರಿ ಅನಿಸುತ್ತಿದೆ.

ಬೆಟಗೇರಿ ತಮ್ಮ: ಈ ಮಾತು ಬೇಡ ಅಣ್ಣಾ. ಕಾರ್ಡು ಇದೆ, ಬಿಪಿಎಲ್‌ನವರಿಗೆ ವರ್ಷಕ್ಕೆ 5 ಲಕ್ಷದವರೆಗೆ ನಡೆಯುತ್ತದೆ, ಮಗ್ಗ ನಡೆಸುವ ಮನೆಗೆ ಅದೇನು ಸಣ್ಣದಲ್ಲ, ಆದರೆ ಅದಕ್ಕೇ ಇಲ್ಲಿ ಮಾಡಿಸುತ್ತಿದ್ದೇವೆ ಅಂತ ಪುಣೆಯಲ್ಲಿ ಕೂತು ನೀನು ಬರೆಯುವುದು ಸರಿಯಲ್ಲ, ಬಯಾಪ್ಸಿ ರಿಪೋರ್ಟ್ ಹಿಡಿದು ಓಡಾಡಿದವನು ನಾನು, ಸರ್ಜನ್, ರೇಡಿಯೇಶನ್ ಡಾಕ್ಟರ್, ಕಿಮೋ ಡಾಕ್ಟರ್ ಮೂವರೂ ಒಟ್ಟಿಗೆ ಕೂತು ಸ್ಕ್ಯಾನ್ ನೋಡಿಯೇ ಮೊದಲು ಆಪರೇಷನ್ ಅಂದಿದ್ದಾರೆ.

ಧಾರವಾಡ ಅಕ್ಕ: ಇಬ್ಬರೂ ಸ್ವಲ್ಪ ನಿಲ್ಲಿ. ಕಾಲೇಜಿನಲ್ಲಿ ನಾನು ಕಲಿಸುವುದೇ ಫಿಸಿಕ್ಸ್, ಇದನ್ನು ನನಗೆ ಬಿಡಿ. ಸಾಮಾನ್ಯ ರೇಡಿಯೇಶನ್‌ನಲ್ಲಿ ಕೊಡುವ ಎಕ್ಸ್‌ರೇ ಕಿರಣ ಗಡ್ಡೆಯನ್ನು ದಾಟಿ ಆಚೆ ಕಡೆಯಿಂದ ಹೊರಗೆ ಹೋಗುತ್ತದೆ, ದಾರಿಯಲ್ಲಿ ಸಿಕ್ಕ ಒಳ್ಳೆಯ ಜಾಗಕ್ಕೂ ಅಷ್ಟಿಷ್ಟು ಬೀಳುತ್ತದೆ. ಪ್ರೋಟಾನ್ ಹಾಗಲ್ಲ. ಹೇಳಿದ ಆಳಕ್ಕೆ ಹೋಗಿ, ಅಲ್ಲೇ ತನ್ನ ಶಕ್ತಿಯ ಬಹುಪಾಲು ಸುರಿದು ನಿಂತುಬಿಡುತ್ತದೆ. ಇದನ್ನು ಚಿಕಿತ್ಸೆಗೆ ಬಳಸಬಹುದು ಅಂತ ಅಮೆರಿಕದ ವಿಜ್ಞಾನಿ ರಾಬರ್ಟ್ ವಿಲ್ಸನ್ 1946ರಲ್ಲೇ ಬರೆದಿದ್ದರು. ಬೆಳೆಯುವ ಮಕ್ಕಳಿಗೆ, ತಲೆಬುರುಡೆಯ ಬುಡದಲ್ಲಿ, ಬೆನ್ನುಹುರಿಯ ಪಕ್ಕದಲ್ಲಿ ಗಡ್ಡೆ ಇದ್ದವರಿಗೆ ಇದರಿಂದ ದೊಡ್ಡ ಉಪಯೋಗ. ಒಪ್ಪಿದೆ.
ಆದರೆ ಪುಣೆಯವನೇ, ಪ್ರೋಟಾನ್ ಬರುವುದು ಎಕ್ಸ್‌ರೇ ರೇಡಿಯೇಶನ್ ಜಾಗಕ್ಕೆ. ಆಪರೇಷನ್ ಜಾಗಕ್ಕಲ್ಲ. ಕೊಯ್ಯಲು ಬರುವ ಬಾಯಿ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಮೊದಲು ಆಪರೇಷನ್ನೇ. ತೆಗೆದ ಗಡ್ಡೆಯನ್ನೂ ಕುತ್ತಿಗೆಯ ಗ್ರಂಥಿಗಳನ್ನೂ ಲ್ಯಾಬಿನಲ್ಲಿ ನೋಡಿದ ಮೇಲೆ ರೇಡಿಯೇಶನ್ ಬೇಕೋ ಬೇಡವೋ ಅಂತ ಗೊತ್ತಾಗುತ್ತದೆ. ಬೇಡ ಅಂತಲೇ ಬಂದರೆ ನಿನ್ನ ಖಾರ್ಘರ್ ಯಾಕೆ, ಚೆನ್ನೈ ಯಾಕೆ?

ಪುಣೆ ಅಣ್ಣ: ಮತ್ತೆ ಅಷ್ಟು ಜನ ಸುಮ್ನೆ ಹೇಳುತ್ತಾರಾ ಅಕ್ಕಾ?

ಧಾರವಾಡ ಅಕ್ಕ: ಸುಳ್ಳು ಅಂತ ನಾನೆಲ್ಲಿ ಅಂದೆ? ಇನ್ನೊಮ್ಮೆ ನೋಡು, ಅದರಲ್ಲಿ ಬಾಯಿ ಕ್ಯಾನ್ಸರ್‌ನವರು ಒಬ್ಬರಾದರೂ ಇದ್ದಾರಾ? ಮಕ್ಕಳು, ಪ್ರಾಸ್ಟೇಟ್, ಕಣ್ಣಿನ ಹಿಂದೆ ಗಡ್ಡೆ ಇದ್ದವರು. ಅದೂ ಅಲ್ಲದೆ ಆಸ್ಪತ್ರೆಯವರೇ ಮಾಡಿದ ವಿಡಿಯೋ. ಗುಣವಾಗದವರನ್ನು ಕರೆದು ಕ್ಯಾಮೆರಾ ಮುಂದೆ ಕೂರಿಸುತ್ತಾರಾ?

ಹಾವೇರಿ ಅತ್ಯಾ: ನಮ್ಮ ದೇಶದ್ದೇ ಹೊಸ ಇಂಜೆಕ್ಷನ್ ಬಂದಿದೆಯಂತಲ್ಲ, ರಕ್ತ ತೆಗೆದು ಜೀವಕೋಶ ತಿದ್ದಿ ವಾಪಸ್ ಹಾಕುವುದು? ಅದು ಆಗುವುದಿಲ್ಲವಾ?

ಧಾರವಾಡ ಅಕ್ಕ: ಅತ್ಯಾ, ಅದು ಕಾರ್-ಟಿ. ಮುಂಬೈ ಐಐಟಿ ಮತ್ತು ಟಾಟಾ ಆಸ್ಪತ್ರೆ ಸೇರಿ ಮಾಡಿದ್ದು, 2023ರಲ್ಲಿ ಒಪ್ಪಿಗೆ ಸಿಕ್ಕಿತು. ಕೆಲವು ಬಗೆಯ ರಕ್ತದ ಕ್ಯಾನ್ಸರ್ ಮತ್ತು ಲಿಂಫೋಮಾ ಅನ್ನುವ ದುಗ್ಧಗ್ರಂಥಿಗಳ ಕ್ಯಾನ್ಸರ್‌ಗೆ ಮಾತ್ರ. ಕಾಕಾಗೆ ಅಲ್ಲ.

ಕಾಕಾ: ಹಲ್ಲಿನ ಡಾಕ್ಟರ ಹತ್ತಿರ ಯಾಕೆ ಕಳಿಸುತ್ತಿದ್ದಾರೆ? ಇರುವ ಹಲ್ಲೂ ಕೀಳುತ್ತಾರಾ?

(ಹತ್ತು ನಿಮಿಷ ಯಾರೂ ಬರೆಯಲಿಲ್ಲ. ಕಾಕಾ ಕೂಡ ಗುಂಪಿನಲ್ಲಿದ್ದಾರೆ ಅನ್ನುವುದು ಯಾರ ತಲೆಯಲ್ಲೂ ಇರಲಿಲ್ಲ.)

ಧಾರವಾಡ ಅಕ್ಕ: ಕಾಕಾ, ಎಲ್ಲ ಕೀಳುವುದಿಲ್ಲ. ಮುಂದೆ ರೇಡಿಯೇಶನ್ ಬೇಕಾದರೆ ಅಂತ ಈಗಲೇ ನೋಡಿಸುವುದು. ರೇಡಿಯೇಶನ್ ಆದ ಮೇಲೆ ಜೊಲ್ಲು ಕಡಿಮೆಯಾಗಿ ಹಲ್ಲು ಬೇಗ ಹುಳುಕುತ್ತದೆ. ಆಗ ಕಿತ್ತರೆ ದವಡೆಯ ಎಲುಬಿನ ಗಾಯ ಸರಿಯಾಗಿ ಮಾಯುವುದಿಲ್ಲ. ಅದಕ್ಕೇ ಕೆಟ್ಟ ಹಲ್ಲನ್ನು ಮೊದಲೇ ತೆಗೆಯುತ್ತಾರೆ.

ಕಾಕಾ: ಹಾಗಾದರೆ ಸರಿ. ವಿಡಿಯೋದಲ್ಲಿ ಮುಖಕ್ಕೆ ಜಾಳಿಗೆ ಬಿಗಿದಿದ್ದರಲ್ಲ, ಅದು ನನಗೂ ಹಾಕುತ್ತಾರಾ?

ಬೆಟಗೇರಿ ತಮ್ಮ: ರೇಡಿಯೇಶನ್ ಕೊಟ್ಟರೆ ಹಾಕುತ್ತಾರೆ ಅಪ್ಪಾ, ತಲೆ ಅಲುಗಾಡಬಾರದು ಅಂತ. ಹುಬ್ಬಳ್ಳಿಯಲ್ಲೂ ಅದೇ. ವಿಡಿಯೋದಲ್ಲಿ ಆ ಹೆಣ್ಣುಮಗಳು ಹೇಳಿದಳಲ್ಲ, ಹೆದರಿಕೆ ಆದರೆ ಕೈ ಎತ್ತಿದರೆ ಸಾಕು, ಮಷೀನ್ ನಿಲ್ಲಿಸುತ್ತಾರೆ ಅಂತ. ನಾನೂ ಕೇಳಿ ಬರುತ್ತೇನೆ.

ಪುಣೆ ಅಣ್ಣ: ಕಾಕಾ, ನಿಮಗೆ ಒಳ್ಳೆಯದಾಗಲಿ ಅಂತಲೇ ಹೇಳಿದ್ದು. ಆದರೂ ಟಾಟಾದವರ ಒಂದು ಮಾತು ಕೇಳದೆ ಚಾಕು ಹಚ್ಚುವುದು ನನಗೆ ಸರಿ ಕಾಣುತ್ತಿಲ್ಲ.

ಧಾರವಾಡ ಅಕ್ಕ: ಕೇಳು, ಬೇಡ ಅಂದವರು ಯಾರು? ಅಲ್ಲಿಗೆ ಹೋಗಲೇಬೇಕು ಅಂತಿಲ್ಲ. ನವ್ಯ ಅಂತ ಆನ್‌ಲೈನ್ ಸೇವೆ ಇದೆ, ರಿಪೋರ್ಟ್ ಹಾಕಿದರೆ ಟಾಟಾ ಮತ್ತು ನ್ಯಾಷನಲ್ ಕ್ಯಾನ್ಸರ್ ಗ್ರಿಡ್ (ದೇಶದ ಕ್ಯಾನ್ಸರ್ ಆಸ್ಪತ್ರೆಗಳ ಜಾಲ) ತಜ್ಞರ ಅಭಿಪ್ರಾಯ ಬರುತ್ತದೆ. ರೇಡಿಯೇಶನ್ ಬೇಕಾಯಿತು ಅಂದರೆ ಪ್ರೋಟಾನ್‌ನಿಂದ ಎಷ್ಟು ಲಾಭ ಅಂತ ಆಗ ಕೇಳೋಣ. ಆರು ವಾರ, ವಾರಕ್ಕೆ ಐದು ದಿನದ ಲೆಕ್ಕ ಅದು. ಖಾರ್ಘರ್‌ನಲ್ಲಿ ರೂಮ್ ಹಿಡಿದು ಕಾಕು ಜೊತೆಗಿರಬೇಕೋ, ಗದಗಿನಿಂದ ಹುಬ್ಬಳ್ಳಿಗೆ ದಿನಾ ಬಸ್ಸಿಗೆ ಬಂದು ಹೋಗಬೇಕೋ, ಅದನ್ನೂ ಆಗಲೇ ನೋಡೋಣ.

ಪುಣೆ ಅಣ್ಣ: ತಮ್ಮಾ, ಬಯಾಪ್ಸಿ ಮತ್ತು ಸಿಟಿ ರಿಪೋರ್ಟ್ ಕಳಿಸು. ಫೋಟೋ ಬೇಡ, ಪಿಡಿಎಫ್ ಮಾಡು. ಇವತ್ತೇ ಹಾಕುತ್ತೇನೆ.

ಬೆಟಗೇರಿ ತಮ್ಮ: ಕಳಿಸುತ್ತೇನೆ. ಆದರೆ ಉತ್ತರ ಬರಲಿಲ್ಲ ಅಂತ ಗುರುವಾರ ಮುಂದೆ ಹೋಗುವುದಿಲ್ಲ, ಅದನ್ನು ಈಗಲೇ ಹೇಳಿರುತ್ತೇನೆ.

ಕಾಕಾ: ಗುರುವಾರ ನಾನು ಹೋಗುವವನೇ. ಬುಧವಾರ ರಾತ್ರಿ ಯಾರು ಯಾರು ಉಳಿಯಲು ಬರುತ್ತೀರಿ ಹೇಳಿ, ನಿಮ್ಮ ಕಾಕು ರೊಟ್ಟಿ ಲೆಕ್ಕ ಕೇಳುತ್ತಿದ್ದಾಳೆ.