ಪಟ್ಟಿಯಲ್ಲಿ ಇಲ್ಲದ ಊರುಗಳ ಪಾಡೇನು?

ಬೈಂದೂರಿನವ:
ಹಿಂದುಳಿದ ತಾಲ್ಲೂಕುಗಳಿಗೆ ಅನುದಾನದಲ್ಲಿ ಆದ್ಯತೆ ಕೊಡಲು ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದು ಪಟ್ಟಿ ಮಾಡಿತು. ಉಡುಪಿ, ದಕ್ಷಿಣ ಕನ್ನಡದ ಒಂದು ತಾಲ್ಲೂಕೂ ಅದರಲ್ಲಿಲ್ಲ. ಆದರೆ ನಮ್ಮಲ್ಲಿ ಮಳೆಗಾಲದಲ್ಲಿ ಮಕ್ಕಳು ಈಗಲೂ ಕಾಲುಸಂಕ ದಾಟಿ ಶಾಲೆಗೆ ಹೋಗುತ್ತಾರೆ. ಅಡಿಕೆ ಮರದ ನಾಲ್ಕು ದಬ್ಬೆ, ಹಿಡಿಯಲು ಒಂದು ಹಗ್ಗ, ಕೆಳಗೆ ತೋಡು ತುಂಬ ಕೆಂಪು ನೀರು. 2022ರಲ್ಲಿ ಇಂಥ ಸಂಕದಿಂದ ಬಿದ್ದು ಒಂದು ಮಗು ತೀರಿಹೋಯಿತು. ಇದು ಮುಂದುವರಿದ ಊರಾ?

ರಾಯಚೂರಿನವಳು, ಈಗ ಸುರತ್ಕಲ್‌ನಲ್ಲಿ:
ಆ ಸುದ್ದಿ ಓದಿ ನನಗೂ ಸಂಕಟವಾಗಿತ್ತು. ಆದರೆ ಅಣ್ಣಾ, ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371 ಜೆ ವಿಧಿಗಾಗಿ ನಮ್ಮವರು ಎಷ್ಟು ವರ್ಷ ಹೋರಾಡಿದರು! ನಿಮಗೆ ಬಂದರು, ವಿಮಾನ ನಿಲ್ದಾಣ, ಬೀದಿಗೊಂದು ಕಾಲೇಜು ಇದೆ. ನಮ್ಮ ಕಡೆಯವರು ಇಲ್ಲಿಗೇ ಕೂಲಿಗೆ ಬರುತ್ತಾರೆ. ನಮ್ಮ ಪಾಲಿಗೆ ಕೈ ಹಾಕಬೇಡಿ.

ಬೈಂದೂರಿನವ:
ನಿಮ್ಮ ಪಾಲು ನಿಮಗೇ ಇರಲಿ ಅಕ್ಕಾ. ಅಳತೆ ಬದಲಾಗಲಿ ಅನ್ನುತ್ತಿದ್ದೇನೆ. 35 ಸೂಚಕ ಇಟ್ಟು ಇಡೀ ತಾಲ್ಲೂಕಿಗೆ ಒಂದೇ ಅಂಕ ಕೊಟ್ಟರು. ಆಗ ಬೈಂದೂರು ಕುಂದಾಪುರಕ್ಕೆ, ಹೆಬ್ರಿ ಕಾರ್ಕಳಕ್ಕೆ ಸೇರಿತ್ತು. ಪೇಟೆಯ ಬ್ಯಾಂಕು, ಆಸ್ಪತ್ರೆ, ಶಾಲೆ ಎಲ್ಲ ಸೇರಿ ಸರಾಸರಿ ಮೇಲೇರಿತು. ಘಟ್ಟದ ಬುಡದ ಹಳ್ಳಿ ಯಾರ ಕಣ್ಣಿಗೂ ಬೀಳಲಿಲ್ಲ.

ಬೈಕಂಪಾಡಿ ವರ್ಕ್‌ಶಾಪ್:
ನಮಗೆ ಅನುದಾನಕ್ಕಿಂತ ದಾರಿ ಮುಖ್ಯ. ನವಮಂಗಳೂರು 1974ರಲ್ಲೇ ಪ್ರಮುಖ ಬಂದರಾಯಿತು. ಆದರೆ ಬೆಂಗಳೂರಿಗೆ ಹೋಗುವ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಲಾರಿಗಳು ಅಲ್ಲೇ ಸಾಲುಗಟ್ಟಿ ನಿಲ್ಲುತ್ತವೆ. ಬೆಂಗಳೂರಿನಾಚೆ ಕಂಪನಿಗಳು ಬರಲಿ ಅನ್ನುವ ಸರ್ಕಾರ ಮೊದಲು ಘಟ್ಟದ ರಸ್ತೆ ಗಟ್ಟಿ ಮಾಡಲಿ. ಹಾಸನದ ಕಾಫಿಗೂ ಅದರಿಂದ ಲಾಭವೇ.

ರಾಯಚೂರಿನವಳು, ಈಗ ಸುರತ್ಕಲ್‌ನಲ್ಲಿ:
ರಸ್ತೆ ವಿಷಯ ಸರಿ. ಪಂಚಾಯಿತಿವಾರು ಅಳೆಯುವುದಕ್ಕೂ ನನ್ನ ಒಪ್ಪಿಗೆ ಇದೆ. ರಾಯಚೂರು ಪೇಟೆಯ ಪಕ್ಕದ ಹಳ್ಳಿಗಳ ಕಥೆಯೂ ಇದೇ. ಆದರೆ ಕಾಲುಸಂಕ ಜಿಲ್ಲೆಯ ದುಡ್ಡಲ್ಲೇ ಆಗಬೇಕಾದ ಕೆಲಸ ಅಲ್ವಾ? ಅದಕ್ಕೂ ಹಿಂದುಳಿದ ತಾಲ್ಲೂಕು ಅನ್ನಿಸಿಕೊಳ್ಳಬೇಕಾ?

ಬೈಂದೂರಿನವ:
ಬೇಡ. ಆದರೆ ಹೊಳೆ, ತೋಡು ಜಾಸ್ತಿ ಇರುವ ಕಡೆ ಒಂದೊಂದು ಪಂಚಾಯಿತಿಗೂ ಹತ್ತಾರು ಸಂಕ ಬೇಕು. ಮಾಮೂಲಿ ಅನುದಾನ ಸಾಲುವುದಿಲ್ಲ. ಪಂಚಾಯಿತಿವಾರು ಪಟ್ಟಿ ಮಾಡಲಿ. ಅದರಲ್ಲಿ ನಿಮ್ಮ ರಾಯಚೂರು ಜಿಲ್ಲೆಯ ದೇವದುರ್ಗದ ನೂರು ಹಳ್ಳಿ ನಮಗಿಂತ ಮೊದಲು ಬಂದರೂ ನನಗೆ ತಕರಾರಿಲ್ಲ.